ಮೂಕಿ ಹಾಸ್ಯಚಿತ್ರಕ್ಕೆ ಕೀಬೋರ್ಡ್ ನುಡಿಸಿದ್ದು

ಪರದೆ ಪಕ್ಕ ಕೂತು 'ಶೋ ಪೀಪಲ್' ಚಿತ್ರಕ್ಕೆ ಕೀಬೋರ್ಡ್ ನುಡಿಸ್ತೀರಾ ಅಂತ ಗೆಳೆಯರೊಬ್ಬರು ಕೇಳಿದಾಗ ತಕ್ಷಣ ಒಪ್ಪಿಕೊಂಡೆ. ಕಿಂಗ್ ವಿಡೋರ್ ನಿರ್ದೇಶಿಸಿದ 1928ರ ಚಿತ್ರ ಅದು. ಅಪ್ಪನ ಜೊತೆ ಜಾರ್ಜಿಯಾದಿಂದ ಹಾಲಿವುಡ್‌ಗೆ ಬರುವ ಪೆಗ್ಗಿ ಪೆಪ್ಪರ್‌ಗೆ ಗಂಭೀರ ಪಾತ್ರಗಳ ದೊಡ್ಡ ನಟಿಯಾಗುವ ಆಸೆ. ಸಿಗೋದು ಹಾಸ್ಯಚಿತ್ರದ ಕೆಲಸ. ಪೆಗ್ಗಿಯಾಗಿ ಮೇರಿಯನ್ ಡೇವಿಸ್ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅಂದ್ರೆ, ಸಂಗೀತ ಅಡ್ಡ ಬರದಿದ್ದರೆ ಸಾಕು.

ಟಾಕಿಗಳು, ಅಂದ್ರೆ ಮಾತಿನ ಚಿತ್ರಗಳು, ಶುರುವಾಗಿದ್ದ ಕಾಲ ಅದು. ಹಾಗಾಗಿ ಚಿತ್ರದ ಜೊತೆಗೇ ಧ್ವನಿಮುದ್ರಿಸಿದ ಸಂಗೀತವೂ ಬಂದಿತ್ತು. ನಾನು ಅದನ್ನು ಬೇಕಂತಲೇ ಕೇಳಲಿಲ್ಲ. ಕೇಳಿದರೆ ಬೆರಳು ಅದರ ಹಿಂದೆಯೇ ಹೋಗುತ್ತೆ. ಆದರೆ ಆ ಮುದ್ರಣದಿಂದ ಒಂದು ಅನುಕೂಲವಿದೆ: ಧ್ವನಿಗೆ ಹೊಂದಬೇಕಾದ್ದರಿಂದ ಚಿತ್ರ ಓಡುವ ವೇಗ ಸೆಕೆಂಡಿಗೆ 24 ಫ್ರೇಮ್ ಅಂತ ಖಚಿತ. ಇನ್ನೂ ಹಳೆಯ ಚಿತ್ರಗಳಲ್ಲಿ ಕ್ಯಾಮೆರಾವನ್ನು ಕೈಯಲ್ಲೇ ತಿರುಗಿಸುತ್ತಿದ್ದರು, ವೇಗ ಒಂದೇ ಸಮ ಇರಲ್ಲ.

ನನಗೆ ತುಂಬಾ ಇಷ್ಟವಾದದ್ದು ಕರವಸ್ತ್ರದ ದೃಶ್ಯ. ಸ್ಟುಡಿಯೋದಲ್ಲಿ ಅವಕಾಶ ಕೇಳಲು ಹೋದಾಗ ಅಪ್ಪ ಮಗಳ ಮುಖದ ಮುಂದೆ ಕರವಸ್ತ್ರ ಹಿಡಿಯುತ್ತಾನೆ. ಸರಿಸಿದರೆ ಕೋಪ. ಮತ್ತೆ ಮುಚ್ಚಿ ಸರಿಸಿದರೆ ದುಃಖ, ಆಮೇಲೆ ಸಂತೋಷ. ಒಂದೊಂದು ಭಾವಕ್ಕೆ ಒಂದೊಂದು ಟ್ಯೂನ್ ಹಾಕೋದು ಸುಲಭ. ಆದರೆ ಆಗ ಪೆಗ್ಗಿ ಗೊಂಬೆಯಾಗಿಬಿಡ್ತಾಳೆ ಅಲ್ವಾ? ಅವಳಿಗೆ ಇದು ಜೀವನದ ಪ್ರಶ್ನೆ. ಅದಕ್ಕೇ ಪೂರ್ತಿ ದೃಶ್ಯಕ್ಕೆ ಒಂದೇ ಸರಳ ವಾಲ್ಟ್ಸ್ (ಮೂರೆಣಿಕೆಯ ನೃತ್ಯದ ಟ್ಯೂನ್) ಇಟ್ಟುಕೊಂಡೆ. ಬಟ್ಟೆ ಅಡ್ಡ ಬಂದಾಗ ಬಲಗೈ ನಿಲ್ಲಿಸಿ ಎಡಗೈಯಲ್ಲಿ ಬರೀ ತಾಳ. ಮುಖ ಕಂಡಾಗ ಮತ್ತೆ ಅದೇ ಟ್ಯೂನ್. ಆ ವಾಲ್ಟ್ಸ್ ಚಿತ್ರದುದ್ದಕ್ಕೂ ಅವಳದ್ದಾಯಿತು.

ಆಮೇಲೆ ಸೋಡಾ ನೀರಿನ ದೃಶ್ಯ. ಹಾಸ್ಯಚಿತ್ರ ಅಂತ ಗೊತ್ತಿಲ್ಲದೆ ಸೆಟ್‌ಗೆ ಬಂದವಳ ಮುಖಕ್ಕೆ ರಪ್ಪಂತ ನೀರು ಚಿಮ್ಮುತ್ತೆ. ಜನ ನಗುತ್ತಾರೆ, ನಗಲೇಬೇಕು. ಆದರೆ ಅವಳಿಗೆ ಅದು ಅವಮಾನ. ನೀರು ಬಿದ್ದ ಕ್ಷಣ ನಾನು ಪೂರ್ತಿ ಕೈ ಎತ್ತಿಬಿಟ್ಟೆ. ನಗು ಇಳಿಯುವವರೆಗೆ ಕಾದೆ. ಜೊತೆಯ ಹಾಸ್ಯನಟ ಬಿಲ್ಲಿ ಅವಳನ್ನು ಸಮಾಧಾನ ಮಾಡುವಾಗ ವಾಲ್ಟ್ಸನ್ನು ದುಃಖದ ಛಾಯೆಯ ಮೈನರ್ ಸ್ವರಗಳಲ್ಲಿ, ತುಂಬಾ ನಿಧಾನಕ್ಕೆ ಎತ್ತಿಕೊಂಡೆ. ಹಾಸ್ಯಚಿತ್ರಕ್ಕೆ ನುಡಿಸುವವರು ತಾವೂ ನಗಬಾರದು ಅನ್ನೋದು ನನ್ನ ಗಟ್ಟಿ ನಂಬಿಕೆ. ನಗೋದು ಪ್ರೇಕ್ಷಕರ ಪಾಲು.

ಪೆಗ್ಗಿಗೆ ಅಳು ಬರಿಸಲು ಸೆಟ್‌ನಲ್ಲೇ ವಾದ್ಯ ನುಡಿಸುವ ದೃಶ್ಯವೂ ಇದೆ. ಆಗಿನ ಸ್ಟುಡಿಯೋಗಳಲ್ಲಿ ನಿಜಕ್ಕೂ ಹೀಗೆ ಮಾಡುತ್ತಿದ್ದರು. ಅಲ್ಲಿ ಮಾತ್ರ ಪಿಯಾನೋ ಬಿಟ್ಟು ಪಿಟೀಲಿನ ಟೋನ್ ಹಾಕಿಕೊಂಡೆ. ಚಾಪ್ಲಿನ್ ಮೀಸೆಯಿಲ್ಲದೆ ಬಂದು ಆಟೋಗ್ರಾಫ್ ಕೇಳುವಾಗ ವಾಲ್ಯೂಮ್ ಇಳಿಸಿದೆ. ಗುರುತು ಸಿಕ್ಕವರು ಪಕ್ಕದವರಿಗೆ ಹೇಳಲಿ ಅಂತ.

ಕೊನೆಯಲ್ಲಿ ಶೂಟಿಂಗ್ ಮುಗಿದರೂ ಪೆಗ್ಗಿ, ಬಿಲ್ಲಿ ಮುತ್ತಿಡುತ್ತಲೇ ಇರುತ್ತಾರೆ. ಅಲ್ಲಿ ಟ್ಯೂನನ್ನು ಸುಮ್ನೆ ಮುಗಿಸಬೇಡಿ. ಅವರು ಬಿಡುವವರೆಗೆ ನೀವೂ ನುಡಿಸುತ್ತಿರಿ.