ಶೇಕಡಾ ಸರಿ, ಭಾಗಿಸಿದ್ದು ಯಾವುದರಿಂದ?

ವಯಸ್ಸಿಗೂ ‘ಹೌದು’ ಎಂಬ ಉತ್ತರಕ್ಕೂ ನಂಟಿದೆಯೇ ಎಂದು ನೋಡಲು ಮಾಡಿದ ಸಮೀಕ್ಷೆಯ ಕೋಷ್ಟಕ ಉಲ್ಟಾ ಉತ್ತರ ಕೊಡುತ್ತಿತ್ತು, ತಪ್ಪಿದ್ದದ್ದು ಛೇದದಲ್ಲಿ, ಅಂದರೆ ಭಾಗಿಸುವ ಸಂಖ್ಯೆಯಲ್ಲಿ. ಲೆಕ್ಕ ಹೀಗಿದೆ ಅನ್ನಿ: 30 ವರ್ಷದೊಳಗಿನ 150 ಜನರಲ್ಲಿ 60 ಮಂದಿ ‘ಹೌದು’, ಅದಕ್ಕೆ ಮೇಲ್ಪಟ್ಟ 50 ಜನರಲ್ಲಿ 30 ಮಂದಿ ‘ಹೌದು’. ಬರೀ ಎಣಿಕೆಯಲ್ಲಿ ಕಿರಿಯರೇ ಮುಂದೆ. ಸಾಲಿನ ಮೊತ್ತದಿಂದ, ಅಂದರೆ ಆಯಾ ವಯಸ್ಸಿನ ಗುಂಪಿನ ಒಟ್ಟು ಜನರಿಂದ, ಭಾಗಿಸಿದರೆ ಕಿರಿಯರು ಶೇ. 40, ಹಿರಿಯರು ಶೇ. 60. ಒಟ್ಟಾರೆ 90/200, ಅಂದರೆ ಶೇ. 45, ಎರಡೂ ಸಾಲು ಇದರ ಆಸುಪಾಸಿನಲ್ಲೇ ಇದ್ದಿದ್ದರೆ ವಯಸ್ಸಿಗೂ ಉತ್ತರಕ್ಕೂ ನಂಟು ಕಾಣುತ್ತಿರಲಿಲ್ಲ.

‘ಹೌದು’ ಕಾಲಂನ ಮೊತ್ತದಿಂದ ಭಾಗಿಸಿದಾಗ ಬರುವ 60/90, ಸುಮಾರು ಶೇ. 67, ಬೇರೆಯದೇ ಪ್ರಶ್ನೆಯ ಉತ್ತರ: ‘ಹೌದು’ ಎಂದವರಲ್ಲಿ ಕಿರಿಯರೆಷ್ಟು? ವರದಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಸ್ಪ್ರೆಡ್‌ಶೀಟ್‌ನಲ್ಲಿ ಸೂತ್ರವನ್ನು ಪಕ್ಕದ ಕೋಶಗಳಿಗೆ ಎಳೆಯುವ ಮುನ್ನ ಅದರಲ್ಲಿ ಮೊತ್ತದ ಕಾಲಂನ ಅಕ್ಷರದ ಹಿಂದೆ ಡಾಲರ್ ಚಿಹ್ನೆ ಹಾಕಿ ($D2 ಹೀಗೆ), ಇಲ್ಲದಿದ್ದರೆ ಛೇದವೂ ಪಕ್ಕಕ್ಕೆ ಜರುಗುತ್ತದೆ. ಒಂದು ಸಾಲಿನ ಶೇಕಡಾಗಳನ್ನು ಕೂಡಿದಾಗ 100 ಬರದಿದ್ದರೆ, ಉತ್ತರಿಸದವರು ಮೊತ್ತದಲ್ಲಿ ಸೇರಿಕೊಂಡಿದ್ದಾರೆಯೇ ನೋಡಿ.