ಕಾರಿಲ್ಲದೆ ಕೊಪ್ಪಳದಿಂದ ಒಂದು ದಿನದ ಪ್ರವಾಸ: ಊರು ಆರಿಸುವುದು ಹೇಗೆ?

ಭಾನುವಾರ ಎಲ್ಲಾದರೂ ಹೋಗಿ ಬರೋಣ ಅಂದ ಕೂಡಲೇ ಮನೆಯಲ್ಲಿ ಎಲ್ಲರೂ ಒಂದೊಂದು ಊರಿನ ಹೆಸರು ಹೇಳುತ್ತಾರೆ. ಸ್ವಂತ ಗಾಡಿ ಇಲ್ಲದಿದ್ದರೆ ಊರಿನ ಹೆಸರು ಆಮೇಲೆ ಇರಲಿ. ಮೊದಲು ವಾಪಸ್ ಬರುವ ಬಸ್ ನೋಡಿ.

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಹೋಗುವ ಬಸ್ಸಿನ ಸಮಯ ಸುಲಭವಾಗಿ ಸಿಗುತ್ತದೆ. ನೀವು ಕೇಳಬೇಕಾದದ್ದು ಆ ಊರಿಂದ ಇತ್ತ ಬರುವ ಕೊನೆ ಬಸ್ ಎಷ್ಟೊತ್ತಿಗೆ ಅಂತ. ಹಳ್ಳಿ ಕಡೆ ಹೋಗುವವರು ಇಲ್ಲೇ ಎಡವುತ್ತಾರೆ. ‘ರಾತ್ರಿಯೂ ಬಸ್ ಐತ್ರಿ’ ಅಂತ ಯಾರೋ ಹೇಳಿರುತ್ತಾರೆ. ಅದು ವಸ್ತಿ ಬಸ್ ಆಗಿದ್ದರೆ ಹಳ್ಳಿಗೆ ಹೋಗಿ ಅಲ್ಲೇ ನಿಂತು, ಹೊರಡುವುದು ಮರುದಿನ ಬೆಳಿಗ್ಗೆಯೇ. ಕೊನೆ ಬಸ್ ಯಾವುದು ಅಂತ ಗೊತ್ತಾದ ಮೇಲೂ ಅದರ ಹಿಂದಿನದಕ್ಕೇ ಹೊರಡುವ ಲೆಕ್ಕ ಹಾಕಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದನ್ನು ಬಿಡಲೇಬೇಡಿ.

ಆಮೇಲೆ, ಎಷ್ಟು ಸಲ ಇಳಿದು ಹತ್ತಬೇಕು ಅಂತ ಎಣಿಸಿ. ಕಿಲೋಮೀಟರ್‌ಗಿಂತ ಇದೇ ಮುಖ್ಯ. ಒಂದು ಬಸ್, ಜಾಸ್ತಿ ಅಂದರೆ ಒಂದು ಆಟೊ. ಇಷ್ಟರಲ್ಲಿ ಮುಗಿಯುವ ಊರು ಒಂದು ದಿನಕ್ಕೆ ಸರಿ.

ಇಟಗಿ ಮತ್ತು ಲಕ್ಕುಂಡಿಯನ್ನೇ ನೋಡಿ. ಇಟಗಿ ನಮ್ಮದೇ ಜಿಲ್ಲೆಯದು. ಅಲ್ಲಿನ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನು ‘ದೇವಾಲಯ ಚಕ್ರವರ್ತಿ’ ಅಂತ ಕರೆದಿದೆ. ಆ ಮಾತು ಎಷ್ಟು ನಿಜ ಅಂತ ಕಂಬಗಳ ನಡುವೆ ನಿಂತರೆ ತಿಳಿಯುತ್ತದೆ. ಆದರೆ ಬಸ್ಸಿನಲ್ಲಿ ಹೋಗುವವರು ಕುಕನೂರಿನಲ್ಲಿ ಇಳಿದು, ಅಲ್ಲಿಂದ ಮತ್ತೆ ಬಸ್ಸೋ ಆಟೊನೋ ಹುಡುಕಬೇಕು. ಲಕ್ಕುಂಡಿ ಹಾಗಲ್ಲ. ಗದಗಿಗೆ ಸುಮಾರು 12 ಕಿ.ಮೀ. ಈಚೆ, ಹೆದ್ದಾರಿ ಪಕ್ಕದಲ್ಲೇ ಇದೆ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವೇಶ್ವರ ದೇವಾಲಯ, ಮುಸುಕಿನ ಬಾವಿ ಎಲ್ಲವನ್ನೂ ಊರೊಳಗೆ ನಡೆದುಕೊಂಡೇ ನೋಡಬಹುದು. ಹಾಗಾಗಿ ಮೊದಲ ಸಲ ಹೊರಡುವವರಿಗೆ ನನ್ನ ಆಯ್ಕೆ ಲಕ್ಕುಂಡಿ. ಇಟಗಿಗೆ ನಾಲ್ಕೈದು ಜನ ಸೇರಿ ಹೋಗಿ. ಕುಕನೂರಿನಿಂದ ಆಟೊ ಮಾತಾಡಿಕೊಂಡರೆ ಅದು ನಿಮ್ಮ ಜೊತೆಗೇ ಕಾಯುತ್ತದೆ, ಖರ್ಚೂ ಹಂಚಿಹೋಗುತ್ತದೆ. ಕುಕನೂರಿನ ನವಲಿಂಗ ದೇವಾಲಯವನ್ನೂ ನೋಡಿಕೊಂಡೇ ಬನ್ನಿ.

ಒಂದು ಎಚ್ಚರ. ಗದಗಿನ ಎಲ್ಲ ಬಸ್ಸೂ ಲಕ್ಕುಂಡಿಯಲ್ಲಿ ನಿಲ್ಲುತ್ತದೆ ಅಂದುಕೊಳ್ಳಬೇಡಿ. ಹತ್ತುವ ಮೊದಲೇ ಕಂಡಕ್ಟರ್‌ನ್ನು ‘ಲಕ್ಕುಂಡಿಗೆ ನಿಲ್ಲಸ್ತೀರೇನ್ರಿ?’ ಅಂತ ಕೇಳಿ. ವಾಪಸ್ ಬರುವಾಗ ಕೈ ತೋರಿಸಿದರೂ ಬಸ್ ನಿಲ್ಲದಿದ್ದರೆ ಗದಗಿಗೇ ಹೋಗಿಬಿಡಿ. ಅಲ್ಲಿ ಬಸ್ಸೂ ಇದೆ, ರೈಲೂ ಇದೆ.

ಹಂಪಿಗೆ ಹೋಗುವುದು ಸುಲಭ. ಹೊಸಪೇಟೆಗೆ ಬಸ್ಸೋ ರೈಲೋ, ಅಲ್ಲಿಂದ ಹಂಪಿ ಬಸ್. ಕಷ್ಟ ಇರುವುದು ಹಂಪಿಯ ಒಳಗೆ. ಎಲ್ಲವನ್ನೂ ಒಂದೇ ದಿನ ನೋಡಲು ಹೊರಟರೆ ಸುಮ್ನೆ ಕಾಲುನೋವು. ವಿರೂಪಾಕ್ಷ, ಹೇಮಕೂಟ ನೋಡಿ, ನದಿ ದಂಡೆಯ ಹಾದಿ ಹಿಡಿದು ವಿಜಯ ವಿಠ್ಠಲ ದೇವಾಲಯಕ್ಕೆ ನಡೆಯಿರಿ. ಕಮಲ ಮಹಲು, ಆನೆ ಲಾಯ ಇನ್ನೊಂದು ಸಲಕ್ಕೆ ಇರಲಿ.

ಊರು ಗೊತ್ತಾದ ಮೇಲೆ ವಾರ ನೋಡಿ. ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹೊರಟರೆ ಬಸ್ಸಿನಲ್ಲಿ ಸೀಟಿನ ಆಸೆ ಬಿಡಬೇಕು. ಅಂಜನಾದ್ರಿಗೆ ಶನಿವಾರ ಜನ ಜಾಸ್ತಿ. ಅಲ್ಲಿ 575 ಮೆಟ್ಟಿಲುಗಳಿವೆ. ಏಪ್ರಿಲ್, ಮೇನಲ್ಲಿ ನಡು ಮಧ್ಯಾಹ್ನ ಬಸ್ಸಿಳಿದು ಆ ಬೆಟ್ಟ ಹತ್ತುವುದು ಬೇಡವೇ ಬೇಡ.

ಹೆಣ್ಣುಮಕ್ಕಳು ಆಧಾರ್ ಕಾರ್ಡ್ ಮರೆಯಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಉಚಿತ. ರಾಜಹಂಸದಂಥ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಆಟೊದವರಿಗೆ ಕೊಡಲು ಹತ್ತು, ಇಪ್ಪತ್ತರ ಚಿಲ್ಲರೆ ಜೊತೆಗಿರಲಿ.