ಹಳೇ ಸ್ಪೋರ್ಟ್ಸ್ ಕಾರು: ತಿರುವಿನ ನಂತರ ವಾಪಸ್ ಬಾರದ ಸ್ಟೀರಿಂಗ್ ಸರಿಯಾದದ್ದು ಹೀಗೆ

ಕಾರು ಎರಡು ಸೀಟಿನದು, ರ್‍ಯಾಕ್-ಪಿನಿಯನ್ (ಸ್ಟೀರಿಂಗ್ ತಿರುಗಿಸಿದಾಗ ಪಿನಿಯನ್ ಎಂಬ ಸಣ್ಣ ಗೇರು ಹಲ್ಲಿನ ಸರಳನ್ನು ಪಕ್ಕಕ್ಕೆ ಸರಿಸುವ ವ್ಯವಸ್ಥೆ), ಪವರ್ ಸ್ಟೀರಿಂಗ್ ಇಲ್ಲ. ಮಂಗಳೂರಿನ ನಂತೂರಿನಲ್ಲಿ ತಿರುಗಿಸಿ ಕೈ ಸಡಿಲಿಸಿದರೆ ಸ್ಟೀರಿಂಗ್ ಅರ್ಧಕ್ಕೇ ನಿಲ್ಲುತ್ತಿತ್ತು. ಮೂಲ್ಕಿ ಕಡೆ ಹೈವೇಯಲ್ಲಿ 80 ದಾಟಿದರೆ ಗಾಡಿ ಅತ್ತಿತ್ತ ಅಲೆಯುತ್ತಿತ್ತು.

ವೀಲ್ ಬ್ಯಾಲೆನ್ಸಿಂಗ್, ಹೊಸ ಟೈ ರಾಡ್ ಎಂಡ್, ಹೊಸ ಟಯರು, ಯಾವುದರಿಂದಲೂ ಪ್ರಯೋಜನ ಆಗಲಿಲ್ಲ. ಗ್ಯಾರೇಜಿನಲ್ಲಿ ರ್‍ಯಾಕ್ ಅಡ್ಜಸ್ಟರ್ (ಗೇರಿನ ಸಡಿಲ ಸರಿಹೊಂದಿಸುವ ಸ್ಕ್ರೂ) ಬಿಗಿ ಮಾಡಿದರು. ಇನ್ನೂ ಹಟ ಹಿಡಿಯಿತು. ಸಣ್ಣ ಸ್ಟೀರಿಂಗ್ ವೀಲ್ ಹಾಕಿದರೆ ಫೀಲ್ ಬರುತ್ತದೆ ಎನ್ನುವವರಿದ್ದಾರೆ. ಬರುವುದು ಕೈನೋವು.

ಸುಳಿವು ಸಿಕ್ಕಿದ್ದು ಸ್ಟೀರಿಂಗ್ ಒಂದು ಸುತ್ತಿನಲ್ಲಿ ಎರಡು ಕಡೆ ಬಿಗಿಯಾಗುತ್ತಿದ್ದುದರಿಂದ. ಅದು ಯುನಿವರ್ಸಲ್ ಜಾಯಿಂಟ್ (ಸ್ಟೀರಿಂಗ್ ಶಾಫ್ಟನ್ನು ಓರೆಯಲ್ಲೂ ತಿರುಗುವಂತೆ ಮಾಡುವ ಕೀಲು) ಹಿಡಿದುಕೊಂಡ ಲಕ್ಷಣ. ಮುಂದಿನ ಚಕ್ರಗಳನ್ನು ಜ್ಯಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಪಿನಿಯನ್ ಹತ್ತಿರದ ಕ್ಲ್ಯಾಂಪ್ ಬೋಲ್ಟ್ ಬಿಚ್ಚಿ ಶಾಫ್ಟ್ ಬೇರೆ ಮಾಡಿದೆ. ಚಕ್ರಗಳು ಕೈಯಲ್ಲೇ ಸಲೀಸಾಗಿ ತಿರುಗಿದವು. ಕೆಳಗಿನ ಜಾಯಿಂಟ್ ಮಾತ್ರ ಒಂದು ದಿಕ್ಕಿಗೆ ಮಡಚಲೇ ಇಲ್ಲ. ನಮ್ಮ ಕಡಲ ಗಾಳಿ, ಮಳೆ ಎರಡೂ ಸೇರಿ ಒಳಗೆ ತುಕ್ಕು. ಹೊಸ ಜಾಯಿಂಟ್ ಹಾಕಿದೆ.

ಬಿಚ್ಚುವ ಮೊದಲು ಚಕ್ರ ನೇರ ಇಟ್ಟು, ಶಾಫ್ಟಿಗೂ ಪಿನಿಯನ್ನಿಗೂ ಪೇಂಟ್ ಗುರುತು ಹಾಕಿ. ಎರಡು ಜಾಯಿಂಟ್‌ಗಳ ಕವಲುಗಳು ಮೊದಲಿದ್ದ ಕೋನದಲ್ಲೇ ಕೂರಬೇಕು, ಇಲ್ಲವಾದರೆ ಹೊಸ ಜಾಯಿಂಟೂ ಬಿಗಿ-ಸಡಿಲ ಮಾಡುತ್ತದೆ. ಕ್ಲ್ಯಾಂಪ್ ಬೋಲ್ಟ್ ಹೊಸದೇ ಹಾಕಿ. ಅಡ್ಜಸ್ಟರನ್ನು ಮ್ಯಾನುವಲ್ ಅಳತೆಗೆ ವಾಪಸ್ ತಂದೆ.

ಆಮೇಲೆ ಅಲೈನ್‌ಮೆಂಟ್. ಈ ಕಾರಿನ ಅಳತೆಯಂತೆ ಟಯರಿಗೆ 26 ಪಿಎಸ್‌ಐ, ಡ್ರೈವರ್ ಸೀಟಿನಲ್ಲಿ ಒಬ್ಬರು ಕುಳಿತಿರಬೇಕು. ಮೊದಲು ಹಿಂದಿನ ಚಕ್ರ, ನಂತರ ಮುಂದೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಓರೆ) ಎರಡೂ ಕಡೆ 5 ಡಿಗ್ರಿ, ಕ್ಯಾಂಬರ್ (ಚಕ್ರದ ಮೇಲ್ತುದಿಯ ಓರೆ, ಮೈನಸ್ ಎಂದರೆ ಒಳಕ್ಕೆ) ಮೈನಸ್ 1, ಕೊನೆಗೆ ಟೋ-ಇನ್ (ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವುದು) ಒಟ್ಟು 1 ಮಿ.ಮೀ. ಟೋ ಮೊದಲೇ ಮಾಡಿಸಿದರೆ ಕ್ಯಾಸ್ಟರ್ ಮುಟ್ಟಿದಾಗ ಕೆಡುತ್ತದೆ.